ಜ್ವರ ಅಂದುಕೊಂಡಿದ್ದು ಗಡ್ಡೆಯಾಗಿದ್ದರೆ: ಮಕ್ಕಳ ಹೊಟ್ಟೆಯ ಅಪರೂಪದ ಗಡ್ಡೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಕುಮಟಾ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮಗಳ ಚಿಕಿತ್ಸೆ ಮುಗಿದ ಮೇಲೆ ನೆಂಟರ ನೆಂಟರು, ಅಂಕೋಲಾದವರು, ಯಲ್ಲಾಪುರದವರು ಫೋನ್ ಮಾಡಿ ಕೇಳುವುದು ಶುರುವಾಯಿತು. ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಡೋಣ ಅನ್ನಿಸಿತು. ನಿಮ್ಮ ಮಗುವಿಗೆ ಏನಾಗಿದೆ ಅಂತ ಹೇಳಬೇಕಾದವರು ಮಗುವನ್ನು ಮುಟ್ಟಿ ನೋಡಿದ ಡಾಕ್ಟರೇ ಹೊರತು ನಾನಲ್ಲ.

ನಿಮ್ಮ ಮಗಳಿಗೆ ನಿಜಕ್ಕೂ ಏನಾಗಿತ್ತು?

ಅವಳಿಗೆ ಆಗ ಏಳು ವರ್ಷ. ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋಗಿ ಬಂದ ವಾರವೇ ಜ್ವರ ಬಂತು, ಜೊತೆಗೆ ಬಲಗಡೆ ಹೊಟ್ಟೆನೋವು. ಮನೆಯವರೆಲ್ಲ ಸೇರಿ ಜಾತ್ರೆಯ ಗೋಬಿ ಮಂಚೂರಿಗೆ ಶಿಕ್ಷೆ ವಿಧಿಸಿಬಿಟ್ಟೆವು. ಮೊದಲ ವಾರ ವೈರಲ್ ಅಂದರು. ಎರಡನೇ ವಾರ ವಿಡಾಲ್ ಪರೀಕ್ಷೆ ಪಾಸಿಟಿವ್ ಬಂತು, ಟೈಫಾಯ್ಡ್ ಇಂಜೆಕ್ಷನ್ ಶುರುವಾಯಿತು. ಮೂರು ದಿನ ಜ್ವರ ಇಳಿಯಿತು. ಮತ್ತೆ ಏರಿತು.

ಆಮೇಲೆ ಅಲ್ಟ್ರಾಸೌಂಡ್ ಮಾಡಿಸಿದಾಗ ಲಿವರ್‌ನಲ್ಲಿ ದೊಡ್ಡದೊಂದು ಏನೋ ಕಂಡಿತು. ಬಿಳಿ ರಕ್ತಕಣ ಜಾಸ್ತಿ, ಉರಿಯೂತ ತೋರಿಸುವ ಸಿಆರ್‌ಪಿ ಅನ್ನುವ ರಕ್ತ ಪರೀಕ್ಷೆಯ ಅಂಕಿ ಜಾಸ್ತಿ, ಜ್ವರವೂ ಇದೆ. ಲಿವರ್‌ನಲ್ಲಿ ಕೀವುಗಡ್ಡೆ ಅಂದರು. ಯಾರಾದರೂ ಹಾಗೇ ಹೇಳುತ್ತಿದ್ದರು. ಸೂಜಿ ಹಾಕಿ ಎಳೆದರೆ ಕೀವು ಬರಲಿಲ್ಲ. ಸ್ವಲ್ಪ ರಕ್ತ ಬೆರೆತ ಅಂಟು ದ್ರವ ಬಂತು. ಅದನ್ನು ಕಲ್ಚರ್‌ಗೆ ಹಾಕಿದರೆ ಒಂದು ಕ್ರಿಮಿಯೂ ಬೆಳೆಯಲಿಲ್ಲ. ಆಂಟಿಬಯೋಟಿಕ್ ಬದಲಾಯಿತು. ಮತ್ತೆ ಸೂಜಿ, ಮತ್ತೆ ಬದಲಾವಣೆ. ಹೀಗೆ ಐದು ವಾರ ಹೋಯಿತು.

ಅಷ್ಟರಲ್ಲಿ ನಮ್ಮ ಅತ್ತೆಯವರು ಒಂದು ಮಾತು ಹೇಳಿದರು: "ಕೂಸಿನ ಕೈಕಾಲು ಕಡ್ಡಿ ಆಗ್ತಾ ಇದೆ, ಲಂಗದ ಲಾಡಿ ಮಾತ್ರ ಬಿಗಿ ಆಗ್ತಾ ಇದೆಯಲ್ಲ?" ಐದು ವಾರದಲ್ಲಿ ಕೇಳಿದ ಮಾತುಗಳಲ್ಲಿ ಅತಿ ಮುಖ್ಯವಾದದ್ದು ಅದೇ. ಬೇರೆ ಊರಿಗೆ ಕರೆದುಕೊಂಡು ಹೋದೆವು. ಅಲ್ಲಿ ಸ್ಕ್ಯಾನಿಂಗ್ ನೋಡುವ ಡಾಕ್ಟರ್ ಎರಡು ಚಿತ್ರ ಪಕ್ಕಪಕ್ಕ ಇಟ್ಟುಕೊಂಡು, ಅಲ್ಟ್ರಾಸೌಂಡ್‌ನಲ್ಲಿ ಗಟ್ಟಿಯಾಗಿ ಕಾಣುವುದು ಸಿಟಿಯಲ್ಲಿ ನೀರಿನ ಹಾಗೆ ಕಾಣುತ್ತಿದೆ, ಇದು ಕೀವಿನ ಲಕ್ಷಣ ಅಲ್ಲ ಅಂದರು. ಬಯಾಪ್ಸಿ, ಅಂದರೆ ತುಣುಕು ತೆಗೆದು ನೋಡುವ ಪರೀಕ್ಷೆ, ಆಯಿತು. ಎಂಬ್ರಿಯೋನಲ್ ಸಾರ್ಕೋಮಾ ಅನ್ನುವ ಲಿವರ್‌ನ ಕ್ಯಾನ್ಸರ್ ಗಡ್ಡೆ. ಸಾಮಾನ್ಯವಾಗಿ 6ರಿಂದ 10 ವರ್ಷದ ಮಕ್ಕಳಿಗೆ ಬರುತ್ತದೆ. ಒಳಗೆ ಲೋಳೆ ತುಂಬಿಕೊಂಡಿರುವುದರಿಂದ ಸಿಟಿಯಲ್ಲಿ ನೀರುಗುಳ್ಳೆಯ ಹಾಗೆ ಕಂಡು, ಕೀವುಗಡ್ಡೆ ಅಂತಲೋ ನಾಯಿಯಿಂದ ಬರುವ ಹೈಡಾಟಿಡ್ ಗುಳ್ಳೆ ಅಂತಲೋ ಮೋಸ ಮಾಡುವುದಕ್ಕೆ ಹೆಸರುವಾಸಿ ಅಂತೆ.

ಅಂದರೆ ಮೊದಲಿನ ಡಾಕ್ಟರ್ ತಪ್ಪು ಮಾಡಿದರಾ?

ಈ ಪ್ರಶ್ನೆ ನನ್ನನ್ನು ತುಂಬಾ ದಿನ ತಿಂದಿದೆ. ಈಗ ನನ್ನ ಉತ್ತರ: ಸೋಂಕು ಅಂತ ಶುರು ಮಾಡಿದ್ದು ತಪ್ಪಲ್ಲ. ನಮ್ಮ ಜಿಲ್ಲೆಯಲ್ಲಿ ಜ್ವರ, ಹೊಟ್ಟೆನೋವು ಅಂತ ಬರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇರುವುದು ಸೋಂಕೇ. ಮೊದಲ ದಿನವೇ ಕ್ಯಾನ್ಸರ್ ಅಂತ ಹುಡುಕುವ ಡಾಕ್ಟರ್ ಹತ್ತಿರ ನಾನೂ ಹೋಗಲಾರೆ.

ಸಿಟ್ಟು ಇರುವುದು ಒಂದೇ ವಿಷಯಕ್ಕೆ. ಔಷಧ ಬದಲಾಯಿತು, ಗಡುವು ಮಾತ್ರ ಯಾರೂ ಹಾಕಲಿಲ್ಲ. "ಇಂಥ ದಿನದೊಳಗೆ ಕಡಿಮೆಯಾಗದಿದ್ದರೆ ಇದು ಸೋಂಕೇ ಅಲ್ಲ ಅಂತ ಯೋಚಿಸೋಣ" ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಅಂತ ಸುಮ್ಮನಿದ್ದೆವು.

ಗಡ್ಡೆಗೆ ಜ್ವರ ಯಾಕೆ ಬರುತ್ತದೆ? ಜ್ವರ ಅಂದರೆ ಸೋಂಕು ಅಲ್ವಾ?

ಜ್ವರ ತರಿಸುವುದು ಕ್ರಿಮಿ ಅಲ್ಲ, ನಮ್ಮ ಮೈ. ಕ್ರಿಮಿ ಕಂಡಾಗ ರಕ್ಷಣೆಯ ಕಣಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವು ಮಿದುಳಿಗೆ ಹೋಗಿ ಮೈಯ ಬಿಸಿ ಏರಿಸುತ್ತವೆ. ಗಡ್ಡೆ ಬೇಗ ಬೆಳೆದಾಗ ಅದರ ಒಳಭಾಗಕ್ಕೆ ರಕ್ತ ಸಾಲದೆ ಕೊಳೆಯುತ್ತದೆ, ಕೆಲವೊಮ್ಮೆ ಒಳಗೇ ರಕ್ತ ಸೋರುತ್ತದೆ. ಆಗಲೂ ಅವೇ ರಾಸಾಯನಿಕಗಳು ಹೊರಬರುತ್ತವೆ. ಕೆಲವು ಗಡ್ಡೆಗಳಂತೂ ಅವನ್ನು ತಾವೇ ತಯಾರಿಸುತ್ತವೆ. ಹಾಗಾಗಿ ಜ್ವರ, ಸಿಆರ್‌ಪಿ, ಇಎಸ್‌ಆರ್ ಎಲ್ಲ ಏರುತ್ತದೆ. ಈ ಪರೀಕ್ಷೆಗಳು ಒಳಗೆ ಬೆಂಕಿ ಇದೆ ಅಂತ ಹೇಳುತ್ತವೆ. ಯಾರು ಹಚ್ಚಿದರು ಅಂತ ಹೇಳುವುದಿಲ್ಲ.

ಆಂಟಿಬಯೋಟಿಕ್ ಕೊಟ್ಟಾಗ ಜ್ವರ ಇಳಿಯಿತಲ್ಲ, ಹಾಗಿದ್ದರೆ?

ನಾವು ಬಿದ್ದ ಗುಂಡಿ ಇದೇ. ಗಡ್ಡೆಯ ಜ್ವರ ತಾನಾಗಿಯೇ ಏರಿ ಇಳಿಯುತ್ತಿರುತ್ತದೆ. ಇಳಿಯುವ ದಿನವೇ ಹೊಸ ಇಂಜೆಕ್ಷನ್ ಬಿದ್ದಿದ್ದರೆ ಹೆಸರು ಇಂಜೆಕ್ಷನ್‌ಗೆ ಹೋಗುತ್ತದೆ. ಪ್ಯಾರಾಸಿಟಮಾಲ್ ಕೂಡ ಜೊತೆಗಿರುತ್ತದೆ. ಇನ್ನು ಗಡ್ಡೆಯ ಮೇಲೆ ನಿಜವಾದ ಸೋಂಕೂ ಸೇರಿಕೊಂಡಿದ್ದರೆ ಅರ್ಧ ಗುಣ ಕಾಣುತ್ತದೆ.

ನೋಡಬೇಕಾದದ್ದು ಜ್ವರ ಇಳಿಯಿತಾ ಅಂತಲ್ಲ. ಇಳಿದದ್ದು ಇಳಿದೇ ಇತ್ತಾ, ಮಗು ಊಟ ಮಾಡಿತಾ, ತೂಕ ವಾಪಸ್ ಬಂತಾ, ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಚಿಕ್ಕದಾಯಿತಾ ಅಂತ. ಕೊನೆಯದ್ದನ್ನು ಮತ್ತೆ ಅಳತೆ ಮಾಡಿಸದೆ ಹೇಳಲು ಬರುವುದಿಲ್ಲ.

ಎಷ್ಟು ದಿನ ಕಾಯಬೇಕು? ಒಂದು ಅಂಕಿ ಹೇಳಿ.

ಒಂದೇ ಅಂಕಿ ಇಲ್ಲ. ಆದರೆ ಒಂದೊಂದು ಜ್ವರಕ್ಕೂ ಅದರದೇ ಲೆಕ್ಕ ಇದೆ. ಪೊದೆ ಹುಲ್ಲಿನ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಆಗಿದ್ದರೆ ಸರಿಯಾದ ಮಾತ್ರೆ ಬಿದ್ದ ಎರಡು ದಿನದಲ್ಲಿ ಸಾಮಾನ್ಯವಾಗಿ ಜ್ವರ ಬಿಡುತ್ತದೆ. ಟೈಫಾಯ್ಡ್ ಸರಿಯಾದ ಔಷಧ ಕೊಟ್ಟರೂ 4ರಿಂದ 7 ದಿನ ಹಠ ಮಾಡುತ್ತದೆ. ಗದ್ದೆ ಕೆಸರಿನ ಇಲಿ ಜ್ವರ ಮಳೆಗಾಲದ್ದು. ಮಂಗನ ಕಾಯಿಲೆ ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನವರಿಗೆ ಗೊತ್ತೇ ಇದೆ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಚಳಿಗಾಲ ಬೇಸಿಗೆಯಲ್ಲಿ ಉಣುಗು ಕಚ್ಚಿ ಬರುತ್ತದೆ. ಕೆಲವರಿಗೆ ಒಮ್ಮೆ ಬಿಟ್ಟು ಮತ್ತೆ ಮರುಕಳಿಸುತ್ತದೆ. ಹಾಗಾಗಿ ಜ್ವರ ಮತ್ತೆ ಬಂತು ಅಂದ ಮಾತ್ರಕ್ಕೆ ಗಾಬರಿ ಬೇಡ.

ನೀವು ಕೇಳಬೇಕಾದ ಮಾತು ಇಷ್ಟೇ: "ಡಾಕ್ಟ್ರೆ, ಈ ಔಷಧ ಕೆಲಸ ಮಾಡುತ್ತಿದ್ದರೆ ಯಾವ ದಿನಕ್ಕೆ ಗೊತ್ತಾಗಬೇಕು? ಆ ದಿನ ಗೊತ್ತಾಗದಿದ್ದರೆ ಏನು ಮಾಡೋಣ?" ಉತ್ತರವನ್ನು ಚೀಟಿಯ ಹಿಂದೆ ತಾರೀಖಿನ ಸಮೇತ ಬರೆದುಕೊಳ್ಳಿ. ನಾನು ಈಗ ಶೀತ ಕೆಮ್ಮಿಗೂ ಕೇಳುತ್ತೇನೆ. ಒಳ್ಳೆಯ ಡಾಕ್ಟರಿಗೆ ಇದರಿಂದ ಬೇಜಾರಾದದ್ದನ್ನು ಇಲ್ಲಿಯವರೆಗೆ ನೋಡಿಲ್ಲ.

ಬೇರೆ ಯಾವ ಗಡ್ಡೆಗಳು ಹೀಗೆ ಮೋಸ ಮಾಡುತ್ತವೆ?

ವಾರ್ಡಿನಲ್ಲಿ ಅಕ್ಕಪಕ್ಕದ ಮಂಚದ ಮಕ್ಕಳಿಂದ ನಾನು ಕಲಿತದ್ದು ಹೇಳುತ್ತೇನೆ. ಆಮೇಲೆ ಡಾಕ್ಟರುಗಳನ್ನು ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಅತಿ ಅವಸರದ್ದು ಬರ್ಕಿಟ್ ಲಿಂಫೋಮಾ. ಲಿಂಫೋಮಾ ಅಂದರೆ ಮೈಯ ರಕ್ಷಣೆಯ ಕಣಗಳ ಕ್ಯಾನ್ಸರ್. ಡೆನಿಸ್ ಬರ್ಕಿಟ್ ಅನ್ನುವ ಸರ್ಜನ್ ಉಗಾಂಡದ ಮಕ್ಕಳಲ್ಲಿ ಇದನ್ನು ಗುರುತಿಸಿ 1958ರಲ್ಲಿ ಬರೆದರು. ಅಲ್ಲಿ ದವಡೆಯಲ್ಲಿ ಜಾಸ್ತಿ, ನಮ್ಮ ಕಡೆ ಹೊಟ್ಟೆಯಲ್ಲಿ ಜಾಸ್ತಿ. ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗದಲ್ಲಿ ಕೂತರೆ ಅಪೆಂಡಿಕ್ಸ್ ಅನ್ನಿಸುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿದರೆ ಟಿಬಿ ಅನ್ನಿಸುತ್ತದೆ. ಒಂದೆರಡು ದಿನದಲ್ಲಿ ಕಣಗಳು ದುಪ್ಪಟ್ಟಾಗಬಲ್ಲವು. ಹಾಗಾಗಿ ಇಲ್ಲಿ ಗಡುವು ವಾರದ್ದಲ್ಲ, ದಿನದ್ದು. ವಿಚಿತ್ರ ಅಂದರೆ, ಇಷ್ಟು ಬೇಗ ಬೆಳೆಯುವುದರಿಂದಲೇ ಕೀಮೋಗೂ ಬೇಗ ಕರಗುತ್ತದೆ.

ನ್ಯೂರೋಬ್ಲಾಸ್ಟೋಮಾ ಚಿಕ್ಕ ಮಕ್ಕಳದ್ದು, ಹೆಚ್ಚಿನವರು 5 ವರ್ಷದೊಳಗಿನವರು. ಕಿಡ್ನಿಯ ಮೇಲಿನ ಗ್ರಂಥಿಯಲ್ಲಿ ಹುಟ್ಟಿ ಮೂಳೆಗೆ ಹೋಗುತ್ತದೆ. ಮಗು ಜ್ವರದಲ್ಲಿರುತ್ತದೆ, ಕುಂಟುತ್ತದೆ, ಎತ್ತಿಕೊಂಡರೆ ಅಳುತ್ತದೆ, ಬಿಳಿಚಿಕೊಳ್ಳುತ್ತದೆ. ಮೂಳೆಯ ಸೋಂಕು, ಸಂಧಿವಾತ ಅಂತ ಓಡಾಡುತ್ತಾರೆ. ಬೀಳದೆಯೇ ಕಣ್ಣ ಸುತ್ತ ಕಪ್ಪು ನೀಲಿಯಾದರೆ ತಡ ಮಾಡಬೇಡಿ. ಇದಕ್ಕೆ ಮೂತ್ರದ ಒಂದು ವಿಶೇಷ ಪರೀಕ್ಷೆಯಿಂದಲೂ ಸುಳಿವು ಸಿಗುತ್ತದೆ.

ವಿಲ್ಮ್ಸ್ ಗಡ್ಡೆ ಕಿಡ್ನಿಯದ್ದು. ಇದು ಬೇರೆ ರೀತಿಯ ಮೋಸಗಾರ: ಮಗು ಆಟವಾಡಿಕೊಂಡೇ ಇರುತ್ತದೆ. ಕೆಂಪು ಮೂತ್ರ ಬಂದರೆ ಮೂತ್ರದ ಸೋಂಕು ಅಂತ ಔಷಧ ಕೊಡುತ್ತಾರೆ. ಶ್ವಾಸಕೋಶಕ್ಕೆ ಹೋಗಿ ಎಕ್ಸ್‌ರೇಯಲ್ಲಿ ಚುಕ್ಕೆ ಕಂಡರೆ ಟಿಬಿ ಅನ್ನುವುದೂ ಉಂಟು. ಹೆಪಟೋಬ್ಲಾಸ್ಟೋಮಾ ಕೂಡ ಲಿವರ್‌ನದ್ದೇ, 3 ವರ್ಷದೊಳಗಿನ ಮಕ್ಕಳಲ್ಲಿ ಜಾಸ್ತಿ. ಎಎಫ್‌ಪಿ ಅನ್ನುವ ರಕ್ತ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ನನ್ನ ಮಗಳದ್ದರಲ್ಲಿ ಎಎಫ್‌ಪಿ ನಾರ್ಮಲ್ ಇತ್ತು. ಅದನ್ನು ನೋಡಿ ನಾವು ಸಿಹಿ ಹಂಚುವುದೊಂದು ಬಾಕಿ. ಆ ಜಾತಿಯ ಗಡ್ಡೆಯಲ್ಲಿ ಎಎಫ್‌ಪಿ ಸಾಮಾನ್ಯವಾಗಿ ಏರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಹಾಗೇ, ಹುಟ್ಟಿದ ಮಕ್ಕಳಲ್ಲಿ ಎಎಫ್‌ಪಿ ಸಹಜವಾಗಿಯೇ ಹೆಚ್ಚಿರುತ್ತದೆ, ಮೊದಲ ವರ್ಷದಲ್ಲಿ ಇಳಿಯುತ್ತದೆ. ವರದಿಯ ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ಅಂಕಿ ಬಹಳ ಸಲ ದೊಡ್ಡವರದ್ದು.

ನನಗೆ ಅತಿ ಸೋಜಿಗ ಅನ್ನಿಸಿದ್ದು ಇನ್‌ಫ್ಲಮೇಟರಿ ಮಯೋಫೈಬ್ರೋಬ್ಲಾಸ್ಟಿಕ್ ಗಡ್ಡೆ. ಹೆಸರೇ ಬಾಯಿ ತುಂಬ ಇದೆ. ತಿಂಗಳುಗಟ್ಟಲೆ ಸಣ್ಣ ಜ್ವರ, ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು, ಇಎಸ್‌ಆರ್ ಏರುವುದು, ಪಕ್ಕಾ ಟಿಬಿಯ ಹಾಗೆ. ಗಡ್ಡೆ ತೆಗೆದ ಮೇಲೆ ಜ್ವರ, ಇಎಸ್‌ಆರ್ ಎಲ್ಲ ತಾವಾಗಿಯೇ ಇಳಿಯುತ್ತವೆ. ಸುಮಾರು ಅರ್ಧ ಮಂದಿಯಲ್ಲಿ ಎಎಲ್‌ಕೆ ಅನ್ನುವ ಜೀನ್ ಕೆಟ್ಟಿರುತ್ತದೆ. ತೆಗೆಯಲು ಆಗದ ಗಡ್ಡೆಯಲ್ಲಿ ಆ ದೋಷ ಇದ್ದರೆ ಕ್ರಿಜೋಟಿನಿಬ್ ಅನ್ನುವ ಔಷಧ ಇದೆ. 2022ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೂ ಒಪ್ಪಿಗೆ ಸಿಕ್ಕಿದೆ.

ಹೆಣ್ಣುಮಕ್ಕಳ ಅಂಡಾಶಯದ ಗಡ್ಡೆ ತಿರುಚಿಕೊಂಡರೆ ಅಪೆಂಡಿಕ್ಸ್ ನೋವಿನ ಹಾಗೇ ಇರುತ್ತದೆ. ಅದಕ್ಕೆ ಗಂಟೆಗಳ ಲೆಕ್ಕ. ಕಾಯುವಂತಿಲ್ಲ.

ವರದಿಯಲ್ಲಿ "ಹೊಟ್ಟೆಯಲ್ಲಿ ಗ್ರಂಥಿಗಳು ಊದಿವೆ" ಅಂತ ಬಂದಿದೆ. ಇದೂ ಅದೇನಾ?

ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ. ದಯವಿಟ್ಟು ಉಸಿರು ಬಿಡಿ. ಮಕ್ಕಳ ಕರುಳಿನ ಪೊರೆಯಲ್ಲಿ ಚಿಕ್ಕ ಚಿಕ್ಕ ಗ್ರಂಥಿಗಳು ಇದ್ದೇ ಇರುತ್ತವೆ. ನೆಗಡಿ, ಭೇದಿ ಆದಾಗ ಊದುತ್ತವೆ, ಆಮೇಲೆ ಇಳಿಯುತ್ತವೆ. ಅಡ್ಡ ಅಳತೆ 8 ಮಿಲಿಮೀಟರ್ ಒಳಗಿದ್ದು, ಮಗು ಉಳಿದಂತೆ ಚೆನ್ನಾಗಿದ್ದರೆ ಸಾಮಾನ್ಯವಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದೊಡ್ಡದಿದ್ದರೆ, ಒಂದಕ್ಕೊಂದು ಅಂಟಿಕೊಂಡಿದ್ದರೆ, ಜೊತೆಗೆ ಹೊಟ್ಟೆಯಲ್ಲಿ ನೀರಿದ್ದರೆ ಆಗ ಮಾತು ಬೇರೆ.

ಟಿಬಿ ಇರಬಹುದು, ಔಷಧ ಹಾಕಿ ನೋಡೋಣ ಅಂದಿದ್ದಾರೆ. ಒಪ್ಪಬಹುದಾ?

ಹೊಟ್ಟೆಯ ಟಿಬಿ ನಮ್ಮಲ್ಲಿ ನಿಜವಾಗಿಯೂ ಇದೆ. ಅದನ್ನು ಹಿಡಿಯುವುದೂ ಕಷ್ಟ. ಹೊಟ್ಟೆಯ ನೀರಿನಲ್ಲಿ ಕ್ರಿಮಿ ಕಡಿಮೆ ಇರುವುದರಿಂದ ಟಿಬಿ ಕ್ರಿಮಿಯನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆ ನೆಗೆಟಿವ್ ಬಂದರೂ ಟಿಬಿ ಇಲ್ಲ ಅನ್ನುವಂತಿಲ್ಲ. ಹಾಗಾಗಿ ಕೆಲವೊಮ್ಮೆ ಅಂದಾಜಿನ ಮೇಲೆ ಶುರು ಮಾಡಲೇಬೇಕಾಗುತ್ತದೆ. ಆದರೆ ಆರು ತಿಂಗಳ ಕೋರ್ಸ್ ಅಂದರೆ ಆರು ತಿಂಗಳು ಸುಮ್ನೆ ನುಂಗಿಸುವುದು ಅಂತಲ್ಲ. ಕೆಲವು ವಾರದಲ್ಲಿ ಹಸಿವು, ತೂಕ ಸುಧಾರಿಸಬೇಕು. ಗಟ್ಟಿ ಗಡ್ಡೆ ಕಾಣುತ್ತಿದ್ದರೆ ಔಷಧಕ್ಕೆ ಮುಂಚೆ ಅದರ ತುಣುಕು ಸಿಗುತ್ತದಾ ಅಂತ ಕೇಳಿ. ತೂಕವನ್ನು ಒಂದೇ ತಕ್ಕಡಿಯಲ್ಲಿ, ವಾರಕ್ಕೊಮ್ಮೆ ನೋಡಿ. ಅಂಗನವಾಡಿಯ ತಕ್ಕಡಿ ಸಾಕು.

ಇನ್ನೊಂದು ಎಚ್ಚರ ಸ್ಟೆರಾಯ್ಡ್ ಬಗ್ಗೆ. ಲಿಂಫೋಮಾದ ಅನುಮಾನ ಇರುವಾಗ ಬಯಾಪ್ಸಿಗೆ ಮುಂಚೆ ಸ್ಟೆರಾಯ್ಡ್ ಬಿದ್ದರೆ ಗಡ್ಡೆ ತಾತ್ಕಾಲಿಕವಾಗಿ ಕುಗ್ಗುತ್ತದೆ, ಮಗು ಗೆಲುವಾಗುತ್ತದೆ, ಪರೀಕ್ಷೆಯಲ್ಲಿ ಮಾತ್ರ ಏನೂ ಸ್ಪಷ್ಟವಾಗಿ ಸಿಗುವುದಿಲ್ಲ. ಹಸಿವಾಗಲಿ ಅಂತ ಯಾರೋ ಕೊಟ್ಟ ಪುಡಿಯಲ್ಲೂ ಸ್ಟೆರಾಯ್ಡ್ ಬೆರೆತಿರಬಹುದು. ಕೊಟ್ಟಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಎಣ್ಣೆ ಸ್ನಾನ ಮಾಡಿಸುವಾಗ ಹೊಟ್ಟೆಯಲ್ಲಿ ಗಟ್ಟಿ ಏನೋ ಕೈಗೆ ಸಿಕ್ಕಿತು. ಏನು ಮಾಡಲಿ?

ಮತ್ತೆ ಮತ್ತೆ ಒತ್ತಬೇಡಿ, ಮನೆಮಂದಿಗೆಲ್ಲ ಒತ್ತಿ ತೋರಿಸಬೇಡಿ, ಹೊಟ್ಟೆ ನೀವಿಸಲು ಕರೆದುಕೊಂಡು ಹೋಗಬೇಡಿ. ವಿಲ್ಮ್ಸ್ ಥರದ ಗಡ್ಡೆಯ ಹೊರಪದರ ಒಡೆದರೆ ಹೊಟ್ಟೆಯೊಳಗೆಲ್ಲ ಹರಡಬಹುದು. ಮಲ ಕಟ್ಟಿಕೊಂಡಿದ್ದರೂ ಗಟ್ಟಿ ಸಿಗುತ್ತದೆ, ಅದೇ ಜಾಸ್ತಿ. ಯಾವುದು ಅಂತ ಒಂದು ಅಲ್ಟ್ರಾಸೌಂಡ್ ಹೇಳುತ್ತದೆ. ಅದರಲ್ಲಿ ವಿಕಿರಣ ಇಲ್ಲ, ನೋವೂ ಇಲ್ಲ. ಅದೇ ವಾರ ಮಾಡಿಸಿ. ವಿಲ್ಮ್ಸ್ ಗಡ್ಡೆ ಮೊದಲು ಸಿಗುವುದು ಬಹಳ ಸಲ ಸ್ನಾನ ಮಾಡಿಸುವ ಕೈಗೇ.

ಬಯಾಪ್ಸಿ ಮಾಡಿದರೆ, ಕತ್ತಿ ತಾಗಿದರೆ ಹರಡುತ್ತದಂತೆ?

ನಮ್ಮ ಭಾವನವರು ಇದೇ ಹೇಳಿ ಎರಡು ದಿನ ತಡೆದರು. ಈ ಭಯಕ್ಕೆ ಒಂದು ಕಾಳಿನಷ್ಟು ಬೇರು ಇದೆ: ವಿಲ್ಮ್ಸ್ ಗಡ್ಡೆ ಅಂತ ಸ್ಕ್ಯಾನಿಂಗ್‌ನಲ್ಲೇ ಸ್ಪಷ್ಟವಾಗಿದ್ದರೆ ಎಷ್ಟೋ ಕಡೆ ಬಯಾಪ್ಸಿ ಮಾಡದೆ ನೇರ ಆಪರೇಷನ್ ಅಥವಾ ಕೀಮೋ ಶುರು ಮಾಡುತ್ತಾರೆ. ಉಳಿದ ಹೆಚ್ಚಿನವುಗಳಿಗೆ ತುಣುಕು ಬೇಕೇ ಬೇಕು. ಹೆಸರು ಗೊತ್ತಿಲ್ಲದೆ ಔಷಧ ಆರಿಸುವುದು ಹೇಗೆ? ಸೂಜಿ ಎಲ್ಲಿಂದ ಹಾಕಬೇಕು ಅನ್ನುವುದು ಮುಂದೆ ಆಪರೇಷನ್ ಮಾಡುವವರ ಜೊತೆ ಮಾತಾಡಿಯೇ ತೀರ್ಮಾನವಾಗಬೇಕು. ಅದಕ್ಕೇ ಬಯಾಪ್ಸಿಯನ್ನು ಮಕ್ಕಳ ಕ್ಯಾನ್ಸರ್ ನೋಡುವ ಕಡೆಯೇ ಮಾಡಿಸುವುದು ಒಳ್ಳೆಯದು.

ಇದಕ್ಕೆ ಉಲ್ಟಾ ಆಗುವುದುಂಟಾ? ಗಡ್ಡೆ ಅಂದುಕೊಂಡದ್ದು ಸೋಂಕಾಗುವುದು?

ಆಗುತ್ತದೆ. ಬೆಸಿಡಿಯೋಬೋಲಸ್ ಅನ್ನುವ ಒಂದು ಬೂಷ್ಟು ಇದೆ. ಕೊಳೆತ ಎಲೆಯಲ್ಲಿ, ಕಪ್ಪೆ ಹಲ್ಲಿಗಳ ಕರುಳಿನಲ್ಲಿ ಇರುತ್ತದೆ. ಅಪರೂಪಕ್ಕೆ ಮಕ್ಕಳ ಕರುಳಿಗೆ ಸೇರಿ ಲಿಂಫೋಮಾದಂಥ ಗಡ್ಡೆ ಮಾಡುತ್ತದೆ. ರಕ್ತದಲ್ಲಿ ಇಯೋಸಿನೋಫಿಲ್ ಅನ್ನುವ ಬಿಳಿ ಕಣ ಜಾಸ್ತಿ ಇರುವುದು ಸುಳಿವು. ಬೂಷ್ಟಿನ ಔಷಧಕ್ಕೆ ಕರಗುತ್ತದೆ. ಕಿಡ್ನಿಯಲ್ಲೂ ಹಳೆಯ ಸೋಂಕು ವಿಲ್ಮ್ಸ್ ಗಡ್ಡೆಯ ಹಾಗೆ ಕಾಣುವುದುಂಟು. ತುಣುಕು ತೆಗೆದು ನೋಡಿದ್ದರಿಂದ ಕೀಮೋ ತಪ್ಪಿಸಿಕೊಂಡ ಮಕ್ಕಳೂ ಇರುತ್ತಾರೆ ಅಂತ ಭಾವನವರಿಗೆ ಹೇಳಿದೆ. ಆಗ ಸ್ವಲ್ಪ ಮೆತ್ತಗಾದರು.

ಮನೆಯ ಬೇರೆ ಮಕ್ಕಳಿಗೆ ಅಂಟುತ್ತದಾ?

ಇಲ್ಲ. ಒಂದೇ ತಟ್ಟೆಯಲ್ಲಿ ಉಣ್ಣಲಿ.

ದೃಷ್ಟಿ ತೆಗೆಸುವುದು, ನಾಟಿ ಔಷಧ?

ದೃಷ್ಟಿ ನಾವೂ ತೆಗೆಸಿದೆವು. ಉಪ್ಪು ಮೆಣಸಿನಿಂದ ಮಗುವಿಗೆ ತೊಂದರೆ ಇಲ್ಲ. ಹೊಟ್ಟೆಗೆ ಕೊಡುವ ಕಷಾಯ ಮಾತ್ರ ಬೇಡ. ಕೀಮೋ ಲಿವರ್ ಮೂಲಕ ಹೋಗುತ್ತದೆ, ಅದರ ಮೇಲೆ ಇನ್ನೊಂದು ಭಾರ ಯಾಕೆ?

ಎಲ್ಲಿಗೆ ಹೋಗಬೇಕು? ಖರ್ಚು?

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವೆಲ್ಲ 2019ರಿಂದ ಕೂಗುತ್ತಲೇ ಇದ್ದೇವೆ. ಅದು ಬೇರೆ ಪುರಾಣ. ಸದ್ಯಕ್ಕೆ ಕಾರವಾರದವರು ಗೋವಾದ ಬಾಂಬೋಲಿಂ ಕಡೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿ ಕಡೆ, ನಮ್ಮಂಥ ಕರಾವಳಿಯವರು ಮಣಿಪಾಲ ಮಂಗಳೂರಿನ ಕಡೆ ಹೋಗುತ್ತೇವೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರದ್ದು. ಹತ್ತಿರದ್ದಕ್ಕಿಂತ ಮಕ್ಕಳ ಕ್ಯಾನ್ಸರ್ ಡಾಕ್ಟರ್, ಮಕ್ಕಳ ಸರ್ಜನ್ ಇಬ್ಬರೂ ಒಂದೇ ಕಡೆ ಇರುವ ಜಾಗ ಆರಿಸಿ. ನಾವು ಮೊದಲು ದೂರ ನೋಡಿ ಆರಿಸಿ, ಆಮೇಲೆ ಎರಡು ಊರಿನ ನಡುವೆ ಬಸ್ಸಿನಲ್ಲಿ ಅಲೆದೆವು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30, ಒಟ್ಟು 1.5 ಲಕ್ಷದವರೆಗೆ ಸಿಗುತ್ತದೆ. ಹೊರಡುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮಾಡಿಸಿಕೊಳ್ಳಿ. ಘಟ್ಟ ಹತ್ತಿದ ಮೇಲೆ ನೆನಪಾದರೆ ಒಬ್ಬರು ವಾಪಸ್ ಬರಬೇಕಾಗುತ್ತದೆ.

ಸ್ಕ್ಯಾನಿಂಗ್‌ನ ವರದಿ ಕಾಗದ ಮಾತ್ರವಲ್ಲ, ಚಿತ್ರದ ಸಿಡಿಯನ್ನೂ ಕೇಳಿ ಪಡೆಯಿರಿ. ನಮ್ಮ ವಿಷಯದಲ್ಲಿ ಸತ್ಯ ಹೊರಬಿದ್ದದ್ದು ವರದಿಯಿಂದ ಅಲ್ಲ, ಚಿತ್ರದಿಂದ. ಬಯಾಪ್ಸಿಯ ತುಣುಕು ಇಟ್ಟಿರುವ ಮೇಣದ ಬ್ಲಾಕ್ ಕೂಡ ನಿಮ್ಮ ಮಗುವಿನದ್ದೇ. ಎರಡನೇ ಅಭಿಪ್ರಾಯಕ್ಕೆ ಬೇಕಾದರೆ ಬರೆದುಕೊಟ್ಟು ಕೇಳಿ.

ಗುಣವಾಗುತ್ತದಾ?

ದೊಡ್ಡವರ ಕ್ಯಾನ್ಸರ್ ನೋಡಿ ಮಕ್ಕಳದ್ದನ್ನು ಅಳೆಯಬೇಡಿ. ಸರಿಯಾದ ಚಿಕಿತ್ಸೆ ಪೂರ್ತಿ ಸಿಕ್ಕರೆ ವಿಲ್ಮ್ಸ್ ಗಡ್ಡೆಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಕ್ಕಳು ಗುಣವಾಗುತ್ತಾರೆ. ಮೈಯೆಲ್ಲ ಹರಡಿದ ನ್ಯೂರೋಬ್ಲಾಸ್ಟೋಮಾ ಇನ್ನೂ ಕಷ್ಟದ್ದೇ, ಸುಳ್ಳು ಹೇಳುವುದಿಲ್ಲ. ನನ್ನ ಮಗಳ ಜಾತಿಯದ್ದು ಹಿಂದೆ ಬಹಳ ಕೆಟ್ಟದ್ದು ಅನ್ನಿಸಿಕೊಂಡಿತ್ತು. ಈಗ ಆಪರೇಷನ್ ಮತ್ತು ಕೀಮೋ ಸೇರಿ ಹೆಚ್ಚಿನ ಮಕ್ಕಳು ಉಳಿಯುತ್ತಾರೆ. ಅವಳು ಈಗ ಐದನೇ ಕ್ಲಾಸು. ಗಣಿತದಲ್ಲಿ ಅಷ್ಟಕ್ಕಷ್ಟೆ.

ಶಾಲೆಗೆ, ಲಸಿಕೆಗೆ?

ರಕ್ತಕಣಗಳು ಏರಿದ ಮೇಲೆ ಡಾಕ್ಟರ್ ಹೂಂ ಅಂದರೆ ಶಾಲೆಗೆ ಕಳಿಸಬಹುದು. ದಡಾರ, ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆಗಳನ್ನು ಕೀಮೋ ನಡೆಯುವಾಗ ಕೊಡುವುದಿಲ್ಲ. ಮುಗಿದು ಸುಮಾರು ಆರು ತಿಂಗಳ ಮೇಲೆ ಮತ್ತೆ ಯೋಚಿಸುತ್ತಾರೆ. ತಪ್ಪಿದ ಲಸಿಕೆಗಳ ಪಟ್ಟಿ ತಾಯಿ ಕಾರ್ಡಿನಲ್ಲಿ ಗುರುತು ಮಾಡಿಡಿ. ಪಕ್ಕದ ಬೆಂಚಿನ ಮಗುವಿಗೆ ಚಿಕನ್‌ಪಾಕ್ಸ್ ಬಂದರೆ ಅದೇ ದಿನ ನಿಮಗೆ ತಿಳಿಸಬೇಕು ಅಂತ ಕ್ಲಾಸ್ ಟೀಚರಿಗೆ ಹೇಳಿ. ಆಗ ನೀವು ರಾತ್ರಿಯಾದರೂ ಡಾಕ್ಟರಿಗೆ ಫೋನ್ ಮಾಡಿ. ಗುಳ್ಳೆ ಏಳುವ ತನಕ ಕಾಯಬೇಡಿ.